ಹೊಗೆ ಕಡಿಮೆ ಇರುವ ಒಲೆ

ಆ ಫೋನ್ ಬಂದಾಗ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲಿನಲ್ಲಿ ನಾವು ನಾಲ್ಕು ಹೆಂಗಸರಿದ್ದೆವು. ಅಮ್ಮ ಕಿಟಕಿ ಬದಿಯ ದಿವಾನದ ಮೇಲೆ ಕಾಲು ನೀಡಿ ಕೂತು ಬಸಳೆ ಬಿಡಿಸುತ್ತಿದ್ದಳು. ತಮ್ಮನ ಹೆಂಡತಿ ಟಿವಿಯ ಎದುರು ರಿಮೋಟನ್ನು ಎರಡೂ ಕೈಯಲ್ಲಿ ಅವಚಿಕೊಂಡಿದ್ದಳು. ಅವಳ ಮಗಳು, ಕಾಲೇಜಿಗೆ ಹೋಗುವವಳು, ನೆಲದ ಮೇಲೆ ಬೋರಲಾಗಿ ಮೊಬೈಲ್ ನೋಡುತ್ತಿದ್ದಳು. ನಾನು ಅಡಿಗೆಮನೆಗೂ ಹಾಲಿಗೂ ಸುಮ್ಮನೆ ಓಡಾಡುತ್ತಿದ್ದೆ. ಗಂಡಸರು ಯಾರೂ ಇರಲಿಲ್ಲ. ನಮ್ಮವರು ಬೆಳಿಗ್ಗೆಯೇ ವಾಗ್ಳೆ ಎಸ್ಟೇಟಿನ ಕಾರ್ಖಾನೆಗೆ ಹೋಗಿದ್ದರು. ಇನ್ನೊಬ್ಬ ಗಂಡಸು, ನನ್ನ ತಮ್ಮ, ಆಫ್ರಿಕದಲ್ಲಿದ್ದ.

ಅವನು ಅಲ್ಲೊಂದು ವೆಜಿಟೇರಿಯನ್ ಹೋಟೆಲು ಇಟ್ಟಿದ್ದ. ಯಾವ ದೇಶ ಎಂದು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಹೊಸ ದೇಶ, ಧೂಳಿನ ಊರು, ದೊಡ್ಡ ನದಿ, ನಮ್ಮವರ ಅಂಗಡಿಗಳು ಹತ್ತಿಪ್ಪತ್ತು. ಅಲ್ಲಿಯ ಎರಡು ಜನಾಂಗಗಳ ನಡುವೆ ಹಳೆಯ ಹಗೆ ಇತ್ತಂತೆ. ಅಧಿಕಾರದಲ್ಲಿದ್ದ ಇಬ್ಬರು ದೊಡ್ಡವರು ಮುನಿಸಿಕೊಂಡರು, ಅವರ ಸೈನಿಕರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು, ಅದು ಬೀದಿಗೆ ಇಳಿಯಿತು. ಬೀದಿಗೆ ಇಳಿದ ಮೇಲೆ ಸೈನಿಕ ಯಾರು, ಹಣ್ಣು ಮಾರುವವ ಯಾರು ಎಂದು ಯಾರೂ ನೋಡಲಿಲ್ಲ. ಯಾವ ಜನಾಂಗ ಎಂಬುದನ್ನು ಮಾತ್ರ ನೋಡಿದರು. ಮನೆ ಮನೆಗೆ ಹೋಗಿ ಕೇಳಿ ಕೇಳಿ ಕೊಂದರು. ಟಿವಿಯಲ್ಲಿ ಬಂದದ್ದು ಅರ್ಧ ನಿಮಿಷದ ಸುದ್ದಿ. ಅಷ್ಟಕ್ಕೇ ತಮ್ಮನ ಹೆಂಡತಿ ನವಿ ಮುಂಬಯಿಯ ಸೀವುಡ್ಸಿನ ಫ್ಲ್ಯಾಟಿಗೆ ಬೀಗ ಹಾಕಿ, ಮಗಳನ್ನು ಎಳೆದುಕೊಂಡು ನಮ್ಮಲ್ಲಿಗೆ ಬಂದುಬಿಟ್ಟಿದ್ದಳು.

ಫೋನ್ ಮಾಡಿದ್ದು ತಮ್ಮನೇ. ಅವಳು ಸ್ಪೀಕರ್ ಹಾಕಿದಳು. ನಾವು ಮನೆಯಲ್ಲಿ ತುಳು ಮಾತಾಡುವವರು, ಅದನ್ನೇ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ನಮ್ಮ ದೇಶದ ರಾಯಭಾರ ಕಚೇರಿಯವರು ಬಸ್ಸು ಕಳಿಸಿದ್ದಾರೆ. ವಿಮಾನಕ್ಕೆ ಕರ್ಕೊಂಡು ಹೋಗ್ತಾರಂತೆ," ಎಂದ.

"ದೇವರೇ! ಹತ್ತಿದ್ರಾ?"

"ಇಲ್ಲ. ಹಿಟ್ಟು ಉಂಟು."

"ಎಂಥದ್ದು?"

"ಇಡ್ಲಿ ಹಿಟ್ಟು. ಮೂರು ಡ್ರಮ್. ನಿನ್ನೆ ರುಬ್ಬಿಸಿದ್ದು. ಬಿಟ್ಟು ಬಂದರೆ ಹಾಳಾಗ್ತದೆ. ಬೇಯಿಸಿ ಯಾರಿಗಾದರೂ ಹಂಚಿ ಮುಂದಿನ ಬಸ್ಸಿಗೆ ಬರ್ತೇನೆ. ನೀನು ಹೆದರಬೇಡ."

ಅಷ್ಟೇ. ಲೈನು ಕಡಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಆ ಕಡೆಯ ರೆಕಾರ್ಡಿನ ಹೆಂಗಸು ಏನೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳೇ ಹೊರತು ತಮ್ಮ ಸಿಗಲಿಲ್ಲ.

ಬೇರೆ ಮನೆಯವರಾದರೆ ಏನನ್ನುತ್ತಿದ್ದರು ಹೇಳಿ? "ಸುಳ್ಳು ಹೇಳ್ತಾನೆ, ಏನೋ ಆಗಿದೆ" ಅನ್ನುತ್ತಿದ್ದರು. ಊರಿಗೆ ಊರೇ ಉರಿಯುತ್ತಿರುವಾಗ ಯಾರಾದರೂ ಹಿಟ್ಟಿಗೆ ಕಾಯುತ್ತಾರೆಯೇ? ಆದರೆ ನಾವು ಹೋಟೆಲಿನವರು. ನಾವು ನಾಲ್ವರೂ, ಕಾಲೇಜಿನ ಹುಡುಗಿಯೂ ಸೇರಿ, ಒಂದು ಚೂರೂ ಸಂಶಯವಿಲ್ಲದೆ ನಂಬಿದೆವು.

ಯಾಕೆಂದರೆ ಹಿಟ್ಟು ಕಾಯುವುದಿಲ್ಲ. ಹುದುಗು ಬಂದ ಹಿಟ್ಟನ್ನು ಮೋರಿಗೆ ಚೆಲ್ಲಿದ ಹೋಟೆಲು ಏಳಿಗೆಯಾಗುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಕಲ್ಯಾಣದ ಸ್ಟೇಷನ್ನಿನ ಹೊರಗೆ ಅಪ್ಪನ ಹೋಟೆಲಿದ್ದ ಕಾಲದಲ್ಲಿ ಒಮ್ಮೆ ಗಲಾಟೆಯಾಗಿ ಕರ್ಫ್ಯೂ ಹಾಕಿದ್ದರು. ಅಪ್ಪ ಬನಿಯನ್ನು ಪಂಚೆಯಲ್ಲೇ ರೈಲು ಹಳಿಯ ಮೇಲೆ ನಡೆದು ಹೋಗಿ, ಇದ್ದ ಹಿಟ್ಟನ್ನೆಲ್ಲ ಬೇಯಿಸಿ ಬೀದಿಯಲ್ಲಿದ್ದ ಪೊಲೀಸರಿಗೂ, ಮನೆಗೆ ಹೋಗಲಾಗದೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿಕೊಂಡವರಿಗೂ ತಿನ್ನಿಸಿ, ಪಾತ್ರೆ ತೊಳೆದು ಕವುಚಿ ಹಾಕಿ ಮನೆಗೆ ಬಂದಿದ್ದರು. ಅಮ್ಮ ಆವತ್ತು ಅಪ್ಪನಿಗೆ ಬೈದಳು, ಮಾತು ಬಿಟ್ಟಳು, ಆದರೆ "ಯಾಕೆ ಹೋದಿರಿ" ಎಂದು ಒಮ್ಮೆಯೂ ಕೇಳಲಿಲ್ಲ. ಯಾಕೆ ಎಂಬುದು ಅವಳಿಗೆ ಗೊತ್ತಿತ್ತು.

"ಹಿಟ್ಟು ಬಿಟ್ಟು ಹೇಗೆ ಬರ್ಲಿಕ್ಕಾಗ್ತದೆ?" ಎಂದಳು ಅಮ್ಮ ಈಗಲೂ, ಬಸಳೆಯಿಂದ ತಲೆ ಎತ್ತದೆ. ಆದರೆ ದಂಟನ್ನು ಎಲೆಯ ಪಾತ್ರೆಗೆ, ಎಲೆಯನ್ನು ಕಸಕ್ಕೆ ಹಾಕುತ್ತಿದ್ದಳು.

ತಮ್ಮನ ಹೆಂಡತಿ ಎದ್ದು ನಿಂತಳು. "ಅತ್ತೆ, ನೀವು ಅವರ ಪರ ವಹಿಸ್ಬೇಡಿ. ಮದುವೆಯಾದಂದಿನಿಂದ ನೋಡ್ತಿದ್ದೇನೆ. ಮಗಳು ಹುಟ್ಟಿದ ದಿನ ಬಂದದ್ದು ಯಾವಾಗ? ಚಟ್ನಿಗೆ ಒಗ್ಗರಣೆ ಹಾಕಿ ಆದ ಮೇಲೆ! ಅತ್ತಿಗೆ, ನೀವೇ ಹೇಳಿ, ನಾನು ದೊಡ್ಡವಳಾ, ಆ ಹಿಟ್ಟು ದೊಡ್ಡದಾ?"

ನಾನೇನು ಹೇಳಲಿ? ಹೋಟೆಲಿನವನ ಮಗಳು ನಾನು.

"ಮಮ್ಮಿ, ಟೆನ್ಶನ್ ಮತ್ ಲೇ ನಾ," ಎಂದಳು ಹುಡುಗಿ. ಅವಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ ಕೋ ಕುಛ್ ನಹೀಂ ಹೋಗಾ." ಅಪ್ಪನಿಗೆ ಏನೂ ಆಗುವುದಿಲ್ಲ ಎಂದವಳು ಬಾತ್‌ರೂಮಿಗೆ ಹೋಗಿ ನಲ್ಲಿ ತೆರೆದಿಟ್ಟು ಅತ್ತಳು. ನಮಗೆಲ್ಲ ಕೇಳಿಸಿತು.

ಮುಂದಿನ ಬಸ್ಸು ಎಂಬುದು ಬರಲೇ ಇಲ್ಲ. ವಿಮಾನ ನಿಲ್ದಾಣದ ದಾರಿ ಮುಚ್ಚಿದೆ ಎಂದು ಸುದ್ದಿ ಬಂತು. ಮೊದಲ ಬಸ್ಸಿನಲ್ಲಿ ಹೋದವರು ಎರಡನೆಯ ದಿನವೇ ಮುಂಬಯಿಗೆ ಬಂದಿಳಿದರು. ಅವರಲ್ಲೊಬ್ಬರು ಥಾಣೆಯವರು, ತಮ್ಮನ ಹೋಟೆಲಿಗೆ ದಿನಾ ಬರುತ್ತಿದ್ದ ಅಂಗಡಿಯವರು. ನಾವು ಅವರ ಮನೆಗೆ ಓಡಿದೆವು. ಪಾಪ, ಅವರಿನ್ನೂ ಗಡ್ಡವನ್ನೂ ತೆಗೆದಿರಲಿಲ್ಲ. "ಬಸ್ಸಿನಿಂದ ಕೂಗಿದೆ ಅಮ್ಮ. ಬಾಗಿಲಲ್ಲೇ ನಿಂತಿದ್ದರು, ಏಪ್ರನ್ ಕಟ್ಟಿಕೊಂಡು. ಬರುವುದಿಲ್ಲ ಅಂತ ಕೈ ಮಾಡಿದರು," ಎಂದರು.

"ಏಪ್ರನ್ ಕಟ್ಟಿಕೊಂಡು!" ತಮ್ಮನ ಹೆಂಡತಿ ಮನೆಗೆ ಬರುವ ಲೋಕಲಿನಲ್ಲಿ ಮುಂಬ್ರಾ ದಾಟುವವರೆಗೂ ಅದನ್ನೇ ಹೇಳಿಕೊಂಡಳು. ಆ ದಿನದಿಂದ ಅವಳು ನಮ್ಮ ಮನೆಯ ಗ್ರೈಂಡರನ್ನು ಮುಟ್ಟಲಿಲ್ಲ. ನಾನು ಉಪ್ಪಿಟ್ಟು, ಅವಲಕ್ಕಿ, ಮತ್ತೆ ಉಪ್ಪಿಟ್ಟು ಮಾಡಿದೆ. ಪಕ್ಕದ ಮನೆಯ ಮರಾಠಿಯವಳು, ನಾವು ವಹಿನಿ ಎನ್ನುವವಳು, ದಿನಾ ಸಂಜೆ ಬಂದು ಬಾಗಿಲಲ್ಲಿ ನಿಲ್ಲುವಳು, "ಕಾಹೀ ಕಳಲಂ ಕಾ?", ಏನಾದರೂ ಗೊತ್ತಾಯಿತಾ ಎಂದು ಕೇಳುವಳು, ನಮ್ಮ ಮುಖ ನೋಡಿ ತಂದ ಪಾತ್ರೆ ಇಟ್ಟು ಹೋಗುವಳು.

ನೆನಪು ಮಾಡಿದ್ದು ಹುಡುಗಿಯೇ. ಹೋದ ವರ್ಷ ತಮ್ಮ ಒಂದು ವೀಡಿಯೊ ಕಾಲಿನಲ್ಲಿ, "ನೋಡಿ, ಇಲ್ಲಿ ನಮ್ಮ ಕನ್ನಡದವರು ಒಬ್ಬರಿದ್ದಾರೆ" ಎಂದು ಕಲಬುರಗಿ ಕಡೆಯ ಒಬ್ಬ ಹವಾಲ್ದಾರರನ್ನು ತೋರಿಸಿದ್ದ. ಆ ದೇಶದಲ್ಲಿ ಶಾಂತಿ ಕಾಯಲಿಕ್ಕೆಂದು ಜಗತ್ತಿನ ಹತ್ತಾರು ದೇಶಗಳು ಕಳಿಸಿದ ಸೈನಿಕರ ಪಡೆಯಿತ್ತು, ನೀಲಿ ಟೊಪ್ಪಿಯವರದು. ಅದರಲ್ಲಿ ನಮ್ಮ ದೇಶದ ತುಕಡಿಯೂ ಇತ್ತು. ಇವರು ಆ ತುಕಡಿಯವರು. ರಜೆಯ ದಿನ ಹೋಟೆಲಿಗೆ ಬಂದು, ಜೋಳದ ರೊಟ್ಟಿ ಯಾಕ್ರಿ ಮಾಡೂದಿಲ್ಲ ಎಂದು ತಮ್ಮನ ಜತೆ ಜಗಳ ಮಾಡುವವರು. ಅವರ ಮಗಳಿಗೆ ನವಿ ಮುಂಬಯಿಯಲ್ಲಿ ಕಾಲೇಜು ಬೇಕೆಂದು ನಮ್ಮ ಹುಡುಗಿಯ ನಂಬರು ತೆಗೆದುಕೊಂಡಿದ್ದರು. ಆಗ ಅವರು ಮೆಸೇಜು ಹಾಕಿದ್ದ ನಂಬರಿಗೆ ಹುಡುಗಿ ಈಗ ಮೆಸೇಜು ಹಾಕಿದಳು. ಒಂದು ದಿನ ಕಳೆದು, ಇನ್ನೊಂದು ಉದ್ದನೆಯ ವಿಚಿತ್ರ ನಂಬರಿನಿಂದ ಫೋನ್ ಬಂತು.

"ನಮಸ್ಕಾರ್ರಿ ಅಕ್ಕೋರೆ. ನಾ ಕ್ಯಾಂಪಿನಿಂದ ಮಾತಾಡ್ಲತ್ತೀನಿ. ಜಾಸ್ತಿ ಹೊತ್ತು ಆಗೂದಿಲ್ರಿ."

ಅವರು ಹೇಳಿದ್ದು ಇಷ್ಟು. ಕೊಲೆ ಶುರುವಾದ ದಿನ ಜನ ಓಡಿ ಬಂದು ಶಾಂತಿಪಡೆಯ ಕ್ಯಾಂಪಿನ ಬೇಲಿಗೆ ಆತುಕೊಂಡರಂತೆ. ಬೇಲಿಯ ಮೇಲಿಂದ ಮಕ್ಕಳನ್ನು ಒಳಗೆ ಎತ್ತಿ ಹಾಕತೊಡಗಿದರಂತೆ. ಗೇಟು ತೆರೆದರು. ಒಂದು ಸಾವಿರ ಸೈನಿಕರಿರುವ ಜಾಗದಲ್ಲಿ ಈಗ ಒಂದು ದೊಡ್ಡ ಜಾತ್ರೆಯಷ್ಟು ಜನ. ಕುಡಿಯುವ ನೀರಿಗೆ ಸಾಲು, ಕಕ್ಕಸಿಗೆ ಸಾಲು. ಹೊರಗೆ ಬಂದೂಕು ಹಿಡಿದವರು ಸುತ್ತುತ್ತಿದ್ದಾರೆ, ಒಳಗೆ ಬರಲು ಇವರು ಬಿಡುತ್ತಿಲ್ಲ.

"ನನ್ನ ತಮ್ಮ ಅಲ್ಲಿ ಇದ್ದಾನಾ?"

"ಅದೇ ಹೇಳ್ಲತ್ತೀನ್ರಿ. ಇಂಡಿಯಾದವ್ರಿಗಂತ ಬ್ಯಾರೆ ಡೇರೆ ಹಾಕೀವಿ. ಅದ್ರಾಗ ಇಲ್ರಿ. ಎರಡು ಸಲ ನೋಡ್ದೆ."

ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಂದೇ. ಡೇರೆಯಲ್ಲಿ ಇಲ್ಲ ಎಂದರೆ ಹೋಟೆಲಿನಲ್ಲಿ ಇದ್ದಾನೆ. ಹೋಟೆಲಿನಲ್ಲಿ ಇದ್ದಾನೆ ಎಂದರೆ... ಮುಂದೆ ಯೋಚಿಸಲು ಯಾರಿಗೂ ಧೈರ್ಯವಿರಲಿಲ್ಲ.

ಆಗ ಅಮ್ಮ ಕೈ ಚಾಚಿದಳು. "ಕೊಡು ಇಲ್ಲಿ ಫೋನು."

ನನಗೆ ಕನ್ನಡ ಕಲಿಸಿದವರು ಇವಳು ಮತ್ತು ಇವಳ ಅಕ್ಕ, ನನ್ನ ದೊಡ್ಡಮ್ಮ. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಅಕ್ಕಿ ಆರಿಸುತ್ತಾ ಇವರಿಬ್ಬರು ಹೇಳುತ್ತಿದ್ದ ಕತೆಗಳಲ್ಲಿ ನನ್ನ ಕನ್ನಡವೆಲ್ಲ ಇದೆ. ಆದರೆ ಆ ಕನ್ನಡಕ್ಕೂ ಕಲಬುರಗಿಯ ಕನ್ನಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಅಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು, ಆಫ್ರಿಕಕ್ಕೆ ನೇರವಾಗಿ ಕೇಳಿಸಬೇಕು ಎಂಬ ಹಾಗೆ ಕೂಗಿದಳು.

"ನೋಡಿ ಮಗಾ, ಅಲ್ಲಿ ಜನ ಅಡಿಗೆ ಎಲ್ಲಿ ಮಾಡ್ತಾರೆ?"

"ಎಲ್ಲಾ ಕಡಿ ಮಾಡ್ಲತ್ತಾರ್ರಿ ಯವ್ವಾ. ಮೂರು ಕಲ್ಲು ಇಡೂದು, ಕಟ್ಟಿಗಿ ಹಚ್ಚೂದು."

"ಹಾಗಾದರೆ ಆ ಒಲೆಗಳ ಹತ್ತಿರ ಹುಡುಕಿ. ಡೇರೆಯಲ್ಲಿ ಅವ ಕೂರುವ ಜನ ಅಲ್ಲ."

"ಒಲಿ ಅಂದ್ರ ನೂರಾರು ಅದಾವ್ರಿ! ಯಾವ ಒಲಿ ಅಂತ ನೋಡ್ಲಿ?"

ಅಮ್ಮ ಒಂದು ಕ್ಷಣ ಯೋಚಿಸಿದಳು. "ಹೊಗೆ ಕಡಿಮೆ ಇರುವ ಒಲೆ ನೋಡಿ," ಎಂದಳು.

ಆ ಕಡೆ ಹವಾಲ್ದಾರರು ನಕ್ಕದ್ದು ಕೇಳಿಸಿತು. "ಆತು ಬಿಡ್ರಿ ಯವ್ವಾ. ಹಂಗೇ ನೋಡ್ತೀನಿ."

ಫೋನಿಟ್ಟ ಮೇಲೆ ತಮ್ಮನ ಹೆಂಡತಿ ಸಿಟ್ಟಾದಳು. ಎಂಥ ಹೊಗೆ ಅತ್ತೆ, ಅವರು ಯುದ್ಧದ ನಡುವೆ ಇದ್ದಾರೆ, ನೀವು ಹೊಗೆ ಅಂತೀರಿ ಎಂದಳು. ಅಮ್ಮನೂ ಬಿಡಲಿಲ್ಲ. "ನಿನ್ನ ಮಾವ ನನ್ನನ್ನು ಮದುವೆಯಾದಾಗ ಹೋಟೆಲಿನಲ್ಲಿ ಸೌದೆ ಒಲೆ. ಹೊಗೆ ಬಂದರೆ ಗಿರಾಕಿ ಎದ್ದು ಹೋಗ್ತಾನೆ. ಅಡಿಗೆ ಕಲಿಸುವ ಮೊದಲು ನಿನ್ನ ಗಂಡನಿಗೆ ಒಲೆ ಹಿಡಿಸಲಿಕ್ಕೆ ಕಲಿಸಿದ್ದು. ಹಸಿ ಸೌದೆಯಾದರೂ ಅಡ್ಡಿಲ್ಲ, ಗಾಳಿಗೆ ದಾರಿ ಬಿಟ್ಟು ಜೋಡಿಸ್ತಾನೆ. ಅವ ಬದುಕಿದ್ದರೆ ಹೊಗೆಯಲ್ಲಿ ಕೂತು ಅಡಿಗೆ ಮಾಡುವುದಿಲ್ಲ." ಬದುಕಿದ್ದರೆ ಎಂಬ ಮಾತನ್ನು ಆ ಮನೆಯಲ್ಲಿ ಮೊದಲು ಆಡಿದವಳು ಅವಳೇ. ಆಡಿದ ಮೇಲೆ ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ನಾನು ಪಾತ್ರೆ ತೊಳೆಯುತ್ತಿದ್ದೆ. ಹಾಲಿನಿಂದ ಹುಡುಗಿ ಕಿರುಚಿದಳು. ಓಡಿ ಬಂದೆ, ಕೈಯೆಲ್ಲ ಸೋಪು. ಸ್ಪೀಕರಿನಲ್ಲಿ ಹವಾಲ್ದಾರರ ದನಿ.

"ಸಿಕ್ಕಾರ್ರಿ ಯವ್ವಾ, ಸಿಕ್ಕಾರ! ನೀವು ಹೇಳ್ದಂಗೇ. ಊರ ಮಂದಿ ಇರೂ ಕಡಿ ಕೊನೀಗಿ ಅದಾರ. ಎಲ್ಲಾರ ಒಲಿ ಮ್ಯಾಲ ಹೊಗಿ, ಇವ್ರ ಒಲಿ ಸ್ವಚ್ಛ ಉರೀಲತ್ತದ. ಗಂಜಿ ಮಾಡ್ಲತ್ತಾರ, ಸುತ್ತಾ ಮೂವತ್ತು ನಲ್ವತ್ತು ಕೂಸು."

ಅಮ್ಮ "ಉಪ್ಪು ಉಂಟಾ ಅಲ್ಲಿ?" ಎಂದು ಕೇಳಿದಳು.

"ಅದ ರೀ ಯವ್ವಾ. ಖರೆ, ಒಂದ್ ಮಾತು. ವಿಮಾನ ನಾಳಿಗಿ ಒಂದು ಹೊಂಟದ, ಬರ್ರಿ ಅಂದೆ. ಒಲ್ಲೆ ಅಂದ್ರು. ಅವ್ರ ಸಂಗಾಟ ಒಬ್ಬಾಕಿ ಹೆಣ್ಮಗಳು ಅದಾಳ್ರಿ, ಎರಡು ಸಣ್ಣ ಕೂಸು. ಇವ್ರನ್ನ ಬಿಟ್ಟು ಬರೂದಿಲ್ಲ ಅನ್ಲತ್ತಾರ. ಸಣ್ಣದು ಇವ್ರ ಕುತ್ತಿಗಿ ಬಿಡ್ಲೇ ಒಲ್ದು—"

ಲೈನು ಕಡಿಯಿತು.

ಇಂಥ ಜಾಗದಲ್ಲೇ ಕಡಿಯಬೇಕೆ! ಹೆಣ್ಣುಮಗಳು. ಎರಡು ಮಕ್ಕಳು. ಕುತ್ತಿಗೆ. ತಮ್ಮ ಆ ದೇಶಕ್ಕೆ ಹೋಗಿ ಆರೇಳು ವರ್ಷವಾಗಿತ್ತು. ಅಮ್ಮ ನನ್ನ ಮುಖ ನೋಡಿದಳು. ನಾನು ಕೈಯ ಸೋಪು ನೋಡಿದೆ. "ಇಸ್ ಕಾ ಮತ್ಲಬ್?" ಇದರ ಅರ್ಥವೇನು ಎಂದಳು ಹುಡುಗಿ. ನಾವೆಲ್ಲ ತಮ್ಮನ ಹೆಂಡತಿಯ ಕಡೆ ನೋಡುವ ಧೈರ್ಯವಿಲ್ಲದೆ ಫ್ಯಾನು, ಕ್ಯಾಲೆಂಡರು ನೋಡುತ್ತಿದ್ದೆವು.

ಅವಳು ಮೊದಲು ಮೂಗು ಒರೆಸಿಕೊಂಡಳು. ಆಮೇಲೆ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. "ಯಾರಾದರೂ ಇರಲಿ ಅತ್ತೆ," ಎಂದಳು. "ಯಾರಾದರೂ ಇರಲಿ. ಬದುಕಿದ್ದಾರಲ್ಲ."

ಆ ಸಂಜೆ ನಮ್ಮ ಮನೆಗೆ ಎಷ್ಟೋ ದಿನದ ಮೇಲೆ ಉಸಿರು ಬಂದ ಹಾಗಾಯಿತು. ನಮ್ಮವರು ಕಾರ್ಖಾನೆಯಿಂದ ಬರುವಾಗ ಜಿಲೇಬಿ ತಂದರು. ಪಕ್ಕದ ವಹಿನಿಗೆ ಕೊಟ್ಟೆವು. ಅವಳು ಬಾಗಿಲಲ್ಲೇ ಗಣಪತಿಗೆ ಜೈಕಾರ ಹಾಕಿ, ಮೇಲಿನ ಮಹಡಿಗೂ ಕೇಳಿಸುವ ಹಾಗೆ ಅತ್ತಳು. ಎಲ್ಲರೂ ಹೊಟ್ಟೆ ತುಂಬ ಉಂಡೆವು.

ಮಾರನೆಯ ಬೆಳಿಗ್ಗೆ ತಮ್ಮನ ಹೆಂಡತಿ ಅಡಿಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಕಾಫಿ ಲೋಟವನ್ನು ಎರಡು ಸಲ ತಿರುಗಿಸಿದಳು.

"ಅತ್ತಿಗೆ."

"ಏನು?"

"ಆ ಹೆಂಗಸು ಯಾರು?"

ನೋಡಿ, ಬದುಕಿದ್ದಾನೆ ಎಂದು ಗೊತ್ತಾದ ಮೇಲೆ ಅಲ್ಲವೇ ಸಿಟ್ಟಿಗೆ ಜಾಗ ಸಿಗುವುದು. ಅವಳ ದನಿಯಲ್ಲಿ ಆ ಹಳೆಯ ಖಾರ ಮರಳಿ ಬಂದದ್ದು ಕೇಳಿ ನನಗೆ ಸಮಾಧಾನವೇ ಆಯಿತು. "ಬರಲಿ, ನೀನೇ ಕೇಳು," ಎಂದೆ. "ಕೇಳದೆ ಬಿಡ್ತೇನಾ?" ಎಂದಳು.

ಕೇಳುವ ಅವಕಾಶ ಮೂರು ದಿನ ಕಳೆದು ಸಿಕ್ಕಿತು. ಹವಾಲ್ದಾರರು ಈ ಸಲ ಫೋನನ್ನು ತಮ್ಮನ ಕೈಗೇ ಕೊಟ್ಟರು. ಅವನ ದನಿ ಒಡೆದು ಹೋಗಿತ್ತು, ಗಂಟಲಿನಲ್ಲಿ ಧೂಳು ಕೂತವನ ಹಾಗೆ.

"ಹಿಟ್ಟು ಮುಗೀತಾ?" ಎಂದು ಕೇಳಿದಳು ಅವಳು, ಮೊದಲ ಮಾತೇ.

"ಹಿಟ್ಟು ಇರಲಿಲ್ಲ," ಎಂದ.

"ಎಂಥದ್ದು?"

"ಆವತ್ತು ಹಿಟ್ಟೇ ಇರಲಿಲ್ಲ ಮಾರಾಯ್ತಿ. ಹಿಂದಿನ ದಿನ ರುಬ್ಬುವವಳು ಬಂದಿರಲಿಲ್ಲ. ರುಬ್ಬುವವಳ ಗಂಡನನ್ನು ಬೀದಿಯಲ್ಲಿ... ಅವಳು ಆ ರಾತ್ರಿ ಇಬ್ಬರು ಮಕ್ಕಳನ್ನು ಎತ್ತಿಕೊಂಡು ಹಿಂದಿನ ಬಾಗಿಲಿಂದ ಒಳಗೆ ಬಂದಿದ್ದಳು. ಅಕ್ಕಿ ಚೀಲದ ಹಿಂದೆ ಕೂರಿಸಿದ್ದೆ. ಬಸ್ಸಿನವರು ಭಾರತದವರನ್ನು ಮಾತ್ರ ಹತ್ತಿಸಿಕೊಳ್ತಾರೆ. ಅವರದ್ದು ತಪ್ಪಲ್ಲ, ಅವರಿಗೆ ಕೊಟ್ಟ ಕೆಲಸ ಅದು. ನಾನು ಹತ್ತಿದರೆ ಇವಳು ಒಬ್ಬಳೇ ಆಗ್ತಿದ್ದಳು."

"ಅದನ್ನು ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

"ನಿಜ ಹೇಳಿದ್ದರೆ ನೀನು ಅಳ್ತಿದ್ದೆ. ಬನ್ನಿ ಅಂತಿದ್ದೆ. ನೀನು ಒಂದು ಸಲ ಬನ್ನಿ ಅಂದಿದ್ದರೆ ನಾನು ಬಂದುಬಿಡ್ತಿದ್ದೆ. ಹಿಟ್ಟು ಅಂದರೆ ಬೈತೀಯ. ಬೈಗಳಾದರೆ ತಡ್ಕೊಳ್ಳಬಹುದು."

ಅವಳು ಫೋನನ್ನು ಕೆನ್ನೆಗೆ ಒತ್ತಿಕೊಂಡು ನಿಂತೇ ಇದ್ದಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟೂ ದಿನ ಆ ಇಲ್ಲದ ಹಿಟ್ಟಿಗೆ ಎಷ್ಟು ಶಾಪ ಹಾಕಿದ್ದೆವು! ಮೂರು ಡ್ರಮ್ ಎಂದು ಲೆಕ್ಕ ಬೇರೆ ಹೇಳಿದ್ದ ಪುಣ್ಯಾತ್ಮ. ಹೋಟೆಲಿನವರ ಮನೆಗೆ ಎಂಥ ಸುಳ್ಳು ಹೇಳಿದರೆ ದಕ್ಕುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಕೊನೆಗೆ ಅವಳು ಕೇಳಿದಳು, "ಮಕ್ಕಳಿಗೆ ಊಟ ಆಯ್ತಾ?"

"ಯಾರ ಮಕ್ಕಳಿಗೆ?"

"ಅವಳ ಮಕ್ಕಳಿಗೆ, ಮತ್ತೆ ಯಾರ ಮಕ್ಕಳಿಗೆ? ಚಳಿ ಉಂಟಾ ಅಲ್ಲಿ? ಹೊದೆಯಲಿಕ್ಕೆ ಉಂಟಾ?"

"ಉಂಟು," ಎಂದ ತಮ್ಮ. ಆಗ ಅವನು ಅತ್ತ. ನಮಗೆ ಕೇಳಿಸಬಾರದೆಂದು ಹವಾಲ್ದಾರರು ಫೋನು ತೆಗೆದುಕೊಂಡು, "ನೆಟ್‌ವರ್ಕ್ ಇಲ್ರಿ ಅಕ್ಕೋರೆ, ನಾಳಿಗಿ ಮಾಡ್ತೀವಿ," ಎಂದರು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಅವನು ಬಂದದ್ದು ಇನ್ನೂ ಕೆಲವು ವಾರ ಕಳೆದ ಮೇಲೆ. ಆ ಹೆಂಗಸಿನ ಅಕ್ಕ ಅದೇ ಕ್ಯಾಂಪಿನ ಇನ್ನೊಂದು ಮೂಲೆಯಲ್ಲಿ ಸಿಕ್ಕಿದಳಂತೆ. ಶಾಂತಿಪಡೆಗೆ ಇನ್ನಷ್ಟು ಸೈನಿಕರು ಬಂದು ಕಾವಲು ಗಟ್ಟಿಯಾಯಿತಂತೆ. ರುಬ್ಬುವವಳೇ, "ಇನ್ನು ನೀನು ಮನೆಗೆ ಹೋಗು, ನಿನ್ನ ಮಗಳು ಕಾಯ್ತಾಳೆ," ಎಂದಳಂತೆ. ವಿಮಾನ ನಿಲ್ದಾಣದಿಂದ ಅವನು ಹೊರಗೆ ಬಂದಾಗ ಅವನ ಅಂಗಿ ಅವನದ್ದಾಗಿರಲಿಲ್ಲ, ಯಾರೋ ದಪ್ಪ ಸೈನಿಕರದ್ದು. ಹೆಂಡತಿ ಅವನ ಎದುರು ನಿಂತು ಕಾಲರು ಸರಿ ಮಾಡಿದಳು. ಅಲ್ಲಿ, ಅಷ್ಟು ಜನರ ನಡುವೆ, ಅಷ್ಟೇ ಮಾಡಿದಳು. ಹುಡುಗಿ ಮಾತ್ರ ಅವನ ತೋಳಿಗೆ ಜೋತುಬಿದ್ದು, ಟ್ಯಾಕ್ಸಿ ಐರೋಳಿ ಸೇತುವೆ ದಾಟುವವರೆಗೂ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಅವನು ಸ್ವಲ್ಪ ಸ್ವಲ್ಪ ಹೇಳಿದ. ಪೂರ್ತಿ ಹೇಳಲಿಲ್ಲ, ನಾವು ಕೇಳಲಿಲ್ಲ. ಶಾಂತಿಪಡೆಯ ಬಿಳಿ ಗಾಡಿ ಬೀದಿಗೆ ಬಂದಾಗ ಏಪ್ರನ್ ಬಿಚ್ಚಿ ಬೀಸಿದ್ದು, ನಾಲ್ವರೂ ಅದರಲ್ಲಿ ಕೂತದ್ದು, ಕ್ಯಾಂಪಿನ ಗೇಟಿನಲ್ಲಿ ಇವನಿಗೆ ಎಡಕ್ಕೆ, ಅವಳಿಗೆ ಬಲಕ್ಕೆ ಎಂದಾಗ ಸಣ್ಣ ಹುಡುಗ ಕುತ್ತಿಗೆ ಬಿಡದ್ದರಿಂದ ಇವನೂ ಬಲಕ್ಕೆ ಹೋದದ್ದು, ಅಷ್ಟನ್ನು ನಗುತ್ತಲೇ ಹೇಳಿದ. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಮತ್ತೊಂದು ಮಾತು ಹೇಳಿದ. ಗಾಡಿ ಬರುವ ಮೊದಲು ಹೋಟೆಲಿನ ಬಾಗಿಲಿಗೆ ಒಬ್ಬ ಬಂದಿದ್ದನಂತೆ, ಕೈಯಲ್ಲಿ ಕತ್ತಿ. "ರುಬ್ಬುವವಳು ಎಲ್ಲಿ?" ಎಂದು ಕೇಳಿದನಂತೆ. ಓಡಿಹೋದಳು ಎಂದನಂತೆ ಇವನು. ನಂಬಿ ಹೋದ.

"ಅಕ್ಕಾ, ಅವ ದಿನಾ ಬೆಳಿಗ್ಗೆ ಹೋಟೆಲಿಗೆ ಬರ್ತಿದ್ದ," ಎಂದ ತಮ್ಮ. "ಸಕ್ಕರೆ ಕಡಿಮೆ ಚಹಾ ಅವನಿಗೆ. ಅವಳು ಮಾಡಿದ ಚಟ್ನಿ ಎರಡು ಸಲ ಹಾಕಿಸ್ಕೊಳ್ತಿದ್ದ."

ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಬಂದದ್ದು ಬಂದ, ಆದರೆ ನಿದ್ದೆ ಅಲ್ಲೇ ಬಿಟ್ಟು ಬಂದಿದ್ದ. ಶಹಾಡಿನಲ್ಲಿ ಪರಿಚಯದವರ ಕ್ಯಾಂಟೀನಿಗೆ ಹೋಗಿ ಕೆಲಸ ಶುರು ಮಾಡಿದ. ಊಟ ಸರಿಯಾಗಿ ಮಾಡುತ್ತಿದ್ದ, ಮಗಳ ಜತೆ ತಮಾಷೆ ಮಾಡುತ್ತಿದ್ದ. ಮದುವೆ ಮೆರವಣಿಗೆಯ ಪಟಾಕಿ ಹೊಡೆದರೆ ಮಾತ್ರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. "ಮಲಗಿದರೂ ಕಣ್ಣು ಮುಚ್ಚುವುದಿಲ್ಲ ಅತ್ತಿಗೆ," ಎಂದಳು ಹೆಂಡತಿ. "ಕೇಳಿದರೆ, ಕ್ಯಾಂಪಿನವರನ್ನು ಗಡಿಯಾಚೆಯ ದೇಶಕ್ಕೆ ಲಾರಿಯಲ್ಲಿ ಕಳಿಸ್ತಾರಂತೆ, ಆ ಹೆಂಗಸೂ ಮಕ್ಕಳೂ ಹತ್ತಿದರೋ ಇಲ್ಲವೋ ಅಂತಾರೆ. ನನಗೂ ಅದೇ ಯೋಚನೆ ಆಗಿದೆ ಈಗ." ಆ ಹೆಂಗಸಿನ ಫೋನು ಬೀದಿಯಲ್ಲೇ ಎಲ್ಲೋ ಹೋಗಿತ್ತು. ಹವಾಲ್ದಾರರ ತುಕಡಿಯನ್ನು ಬೇರೆ ಊರಿಗೆ ಹಾಕಿದ್ದರು. ಅವರ ಫೋನೂ ಹತ್ತುತ್ತಿರಲಿಲ್ಲ.

ಒಂದು ಶನಿವಾರ ಹವಾಲ್ದಾರರೇ ಫೋನ್ ಮಾಡಿದರು. ಮುಂಬಯಿಯಿಂದ. ಸೇವೆ ಮುಗಿಸಿ ಊರಿಗೆ ಹೊರಟಿದ್ದರು. ಕಲಬುರಗಿಯ ಗಾಡಿ ನಾಳೆ ಬೆಳಿಗ್ಗೆ ಕಲ್ಯಾಣಕ್ಕೆ ಬರುತ್ತದೆ, ಬಾಗಿಲಲ್ಲಿ ನಿಂತಿರುತ್ತೇನೆ, ಬರ್ರಿ ಎಂದರು. ಬೇರೇನೂ ಹೇಳಲಿಲ್ಲ.

ಭಾನುವಾರ ನಾವೆಲ್ಲ ಕಲ್ಯಾಣಕ್ಕೆ ಹೋದೆವು. ಅಮ್ಮ ಕೇಳುವುದಿಲ್ಲ, ಅವಳೂ ಬಂದಳು. ಗಾಡಿ ಬಂತು. ನಾವು ಅಂದುಕೊಂಡದ್ದಕ್ಕಿಂತ ಸಣ್ಣ ಆಳು, ಮೀಸೆ ಮಾತ್ರ ದೊಡ್ಡದು. ಇಳಿದವರೇ ಅಮ್ಮನ ಕಾಲು ಮುಟ್ಟಿದರು. "ಹೊಗಿ ನೋಡಿ ಹುಡಕೂ ಕೆಲಸ ಯಾರೂ ಕಲಿಸಿರಲಿಲ್ರಿ ನಮಗ," ಎಂದರು. ಅಮ್ಮ ಅವರ ಕೆನ್ನೆ ಮುಟ್ಟಿ ತನ್ನ ಹಣೆಗೆ ಒತ್ತಿ ಬೆರಳ ನೆಟಿಗೆ ಮುರಿದಳು. ತಮ್ಮ ಅವರ ಕೈ ಹಿಡಿದು ನಿಂತಿದ್ದ.

"ನಾವು ಬಿಡೂ ಮೊದ್ಲು ಲಾರಿ ಹೊಂಟವ್ರಿ," ಎಂದರು ಹವಾಲ್ದಾರರು ಅವನಿಗೆ. "ನಮ್ಮ ಗಾಡಿ ಮುಂದ ಒಂದು, ಹಿಂದ ಒಂದು. ಹಿಂದಿಂದ್ರಾಗ ನಾನೇ ಇದ್ದೆ. ಗಡಿ ದಾಟಿಸಿ ಬಂದೀವಿ. ಆ ಕಡಿ ಬಯಲಾಗ ಇಳದ್ರು. ಆಕಿ, ಆಕಿ ಅಕ್ಕ."

"ಮಕ್ಕಳು?"

"ಎರಡೂ ರೀ. ಸಣ್ಣವ ನನ್ನ ಟೊಪ್ಪಿಗಿ ಇಸ್ಕೊಂಡ. ವಾಪಸ್ ಕೊಡ್ಲೇ ಇಲ್ಲ."

ಗಾಡಿ ಕೂಗಿತು. ತಮ್ಮನ ಹೆಂಡತಿ ತಂದಿದ್ದ ಬುತ್ತಿಯನ್ನು ಅವರ ಕೈಗೆ ತುರುಕಿದಳು. ಅವರು ಓಡಿ ಹತ್ತಿದರು. ಗಾಡಿ ಹೋಯಿತು.

ನಾವು ಸೇತುವೆ ಹತ್ತಿ ಇಳಿದು ಡೊಂಬಿವಲಿಗೆ ಸ್ಲೋ ಲೋಕಲ್ ಹಿಡಿದೆವು. ಭಾನುವಾರವಾದ್ದರಿಂದ ಎಲ್ಲರಿಗೂ ಸೀಟು ಸಿಕ್ಕಿತು. ಗಾಡಿ ಠಾಕುರ್ಲಿ ಮುಟ್ಟುವಷ್ಟರಲ್ಲಿ ತಮ್ಮ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ, ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ. ಡೊಂಬಿವಲಿ ಬಂತು. ನಾನು ಎದ್ದೆ. ತಮ್ಮನ ಹೆಂಡತಿ ಅಲುಗಾಡದೆ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ನಾನು ಮತ್ತೆ ಕೂತೆ. ಅಮ್ಮನೂ ಹುಡುಗಿಯೂ ಕೂತೇ ಇದ್ದರು. ಹತ್ತುವವರು ಹತ್ತಿದರು, ಗಾಡಿ ಬಿಟ್ಟಿತು, ನಾವು ಥಾಣೆಯವರೆಗೂ ಹೋದೆವು.